ಲಲಿತಾ ಪವಾರ್ ಅಂದ್ರೆ ಆ ಒಂದು ಕಣ್ಣು ಮಾತ್ರಾನಾ?

ಮೂರನೇ ಸಾಲು (ಮೈಸೂರು)

ಹೋದ ವಾರ ದೊಡ್ಡಮ್ಮ ಊರಿಂದ ಬಂದಿದ್ದರು. ಹೊತ್ತು ಹೋಗಲಿ ಅಂತ ಫೋನಿನಲ್ಲಿ ದೂರದರ್ಶನದ ಹಳೇ ರಾಮಾಯಣ ಹಾಕಿಕೊಟ್ಟೆ. ಮಂಥರೆ ಮುಖ ಕಂಡಿದ್ದೇ ತಡ, "ಬಂದ್ಲು ನೋಡು ಮನೆಮುರುಕಿ" ಅಂದರು. 1987ರಲ್ಲಿ ನಮ್ಮ ವಠಾರದ ಒಂದೇ ಒಂದು ಟಿವಿ ಮುಂದೆ ಕೂತು ಇದೇ ದೊಡ್ಡಮ್ಮ ಇದೇ ಮಾತು ಹೇಳಿದ್ದರು. ಆಗ ನಾನು ಎಂಟು ವರ್ಷದವಳು, ಚಾಪೆಯ ಮೂರನೇ ಸಾಲಿನಲ್ಲಿ ಕೂತಿದ್ದೆ. ರಾತ್ರಿ ಆ ಮುಖ ನೆನಪಾಗಿ ಅಮ್ಮನ ಪಕ್ಕ ಹೋಗಿ ಮಲಗಿದ್ದೆ.

"ಅವರ ಹೆಸರು ಲಲಿತಾ ಪವಾರ್, ಮೂಕಿಚಿತ್ರದ ಕಾಲದಿಂದ ನಟಿಸುತ್ತಿದ್ದವರು" ಅಂದೆ. ದೊಡ್ಡಮ್ಮ, "ಹೂಂ, ಯಾರೋ ಕಪಾಳಕ್ಕೆ ಹೊಡೆದು ಕಣ್ಣು ಹಾಗಾಯ್ತಂತಲ್ಲ, ಅವಳೇ ತಾನೇ?" ಅಂದರು.

ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಯಾವ ಪತ್ರಿಕೆ ತೆಗೆದರೂ, ಯಾವ ವಿಡಿಯೋ ನೋಡಿದರೂ ಅದೇ ಕಥೆ. ಸುಂದರಿ ನಾಯಕಿ ಇದ್ದಳು, ಒಂದು ಏಟು ಬಿತ್ತು, ಕಣ್ಣು ಕೆಟ್ಟಿತು, ಆಮೇಲೆ ಖಳನಾಯಕಿಯಾದಳು. ಎಪ್ಪತ್ತು ವರ್ಷದ ಕೆಲಸವನ್ನು ಒಂದು ಕಪಾಳಮೋಕ್ಷಕ್ಕೆ ಇಳಿಸಿಬಿಟ್ಟಿದ್ದೇವೆ. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹುಟ್ಟಿದ್ದು 1916ರ ಏಪ್ರಿಲ್ 18ರಂದು, ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ. ಪೈಠಣಿ ಸೀರೆ ನೇಯುವ ಊರು. ತಂದೆ ಲಕ್ಷ್ಮಣರಾವ್ ಶಗುನ್ ರೇಷ್ಮೆ, ಹತ್ತಿ ಬಟ್ಟೆಯ ವ್ಯಾಪಾರಸ್ಥರು. ಮಗುವಿಗೆ ಇಟ್ಟ ಹೆಸರು ಅಂಬಿಕಾ. 1928ರ ಮೂಕಿ 'ರಾಜಾ ಹರಿಶ್ಚಂದ್ರ'ದಲ್ಲಿ ಬಾಲನಟಿ. ಕೆಲವೇ ವರ್ಷದಲ್ಲಿ ನಾಯಕಿ. ಇಪ್ಪತ್ತು ತುಂಬುವ ಮೊದಲೇ, 1932ರಲ್ಲಿ, 'ಕೈಲಾಸ್' ಎಂಬ ಮೂಕಿಚಿತ್ರದ ನಿರ್ಮಾಣದಲ್ಲಿ ಪಾಲುದಾರಳು. 1937ರಲ್ಲಿ 'ದುನಿಯಾ ಕ್ಯಾ ಹೈ' ಎಂಬ ಮಾತಿನ ಚಿತ್ರವನ್ನೂ ನಿರ್ಮಿಸಿದರು. ಇದೆಲ್ಲ ಆ ಏಟಿಗೆ ಮೊದಲೇ ಆಗಿದ್ದು. ಹದಿನಾರು ವರ್ಷದ ಹುಡುಗಿ ಸಿನಿಮಾಕ್ಕೆ ದುಡ್ಡು ಹಾಕಿ ನಿಂತದ್ದು ಯಾರ ಬಾಯಲ್ಲೂ ಬರುವುದಿಲ್ಲ.

ಅವರ ಕೆಲಸ ನೋಡಿದವರು ದಯವಿಟ್ಟು ಬರೆಯಿರಿ. ಯಾವ ಪಾತ್ರ, ಯಾವ ದೃಶ್ಯ, ನಿಮಗೆ ಏನನ್ನಿಸಿತು. ಏಟಿನ ಕಥೆ ಒಂದನ್ನೇ ಮತ್ತೆ ಮತ್ತೆ ಹೇಳುವುದು ಬೇಡ.


ಹಳೇ ರೀಲು (ಬೆಂಗಳೂರು)

ಮೇಡಂ, ಏಟಿನ ಕಥೆ ಬೇಡ ಅಂದಿದ್ದೀರಿ. ಆದರೂ ಒಮ್ಮೆ ಸರಿಯಾಗಿ ಹೇಳಿ ಮುಗಿಸೋಣ, ಯಾಕೆಂದರೆ ಅದರೊಳಗೇ ನಿಮ್ಮ ಮಾತಿಗೆ ಸಾಕ್ಷಿ ಇದೆ.

1942, ಚಿತ್ರ 'ಜಂಗ್-ಎ-ಆಜಾದಿ'. ಹೊಡೆಯಬೇಕಿದ್ದವರು ಮಾಸ್ಟರ್ ಭಗವಾನ್. ಮುಂದೆ 1951ರಲ್ಲಿ 'ಅಲ್ಬೇಲಾ' ಮಾಡಿ ದೇಶವನ್ನೇ ಕುಣಿಸಿದ ಅದೇ ಭಗವಾನ್ ದಾದಾ. ಏಟು ಜೋರಾಗಿ ಬಿತ್ತು. ಲಲಿತಾ ಪವಾರರ ಮುಖಕ್ಕೆ ಲಕ್ವ ಹೊಡೆಯಿತು, ಎಡಗಣ್ಣಿನ ರಕ್ತನಾಳ ಒಡೆಯಿತು. ಮೂರು ವರ್ಷ ಚಿಕಿತ್ಸೆ. ಎಡಗಣ್ಣು ಕಿರಿದಾಗಿಯೇ ಉಳಿಯಿತು.

ಈಗ ನೋಡಿ. ಪ್ರಭಾತ್ ಕಂಪನಿಯ 'ರಾಮಶಾಸ್ತ್ರಿ' ತೆರೆಗೆ ಬಂದದ್ದು 1944ರಲ್ಲಿ. ಅದರಲ್ಲಿ ಆನಂದಿಬಾಯಿ ಪಾತ್ರ ಮಾಡಿದವರು ಇದೇ ಲಲಿತಾ ಪವಾರ್. ಚಿಕಿತ್ಸೆ ನಡೆಯುತ್ತಿದ್ದ ಆ ಮೂರು ವರ್ಷದ ಒಳಗೇ ಆ ಕಾಲದ ಅತಿ ದೊಡ್ಡ ಕಂಪನಿಗಳಲ್ಲೊಂದು ಅವರನ್ನು ಕರೆದು ಇಂಥ ಭಾರಿ ಪಾತ್ರ ಕೊಟ್ಟಿದೆ. "ಮೂಲೆ ಸೇರಿದ್ದಳು, ಯಾರಿಗೂ ಬೇಡವಾಗಿದ್ದಳು" ಅಂತ ಕಣ್ಣೀರು ತರಿಸುವ ಹಾಗೆ ಹೇಳುವವರು ಈ ಇಸವಿ ನೋಡುವುದೇ ಇಲ್ಲ.

ಇನ್ನೊಂದು ಲೆಕ್ಕ. 1952ರ 'ದಾಗ್'ನಲ್ಲಿ ಅವರು ದಿಲೀಪ್ ಕುಮಾರ್ ತಾಯಿ. ಆಗ ಅವರಿಗೆ 36, ದಿಲೀಪ್ ಕುಮಾರ್‌ಗೆ 29. 1959ರ 'ಸುಜಾತಾ'ದಲ್ಲಿ ಸುನಿಲ್ ದತ್‌ಗೆ ಅಜ್ಜಿ. ಅವರಿಗೆ 43, ಮೊಮ್ಮಗನಿಗೆ ಮೂವತ್ತು! ಕಣ್ಣು ಸರಿಯಿದ್ದಿದ್ದರೂ ಮೂವತ್ತು ದಾಟಿದ ನಾಯಕಿಗೆ ಅಂದಿನ ಸಿನಿಮಾ ಏನು ಕೊಡುತ್ತಿತ್ತು? ನಮ್ಮಲ್ಲಿ ಪಂಡರಿಬಾಯಿಯವರನ್ನೇ ನೋಡಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರಿಗೆ ಹೆಂಡತಿ, ಮುಂದೆ ಅದೇ ರಾಜ್‌ಕುಮಾರ್ ಅವರಿಗೆ ತಾಯಿ. ಅವರಿಗೆ ಯಾರೂ ಕಪಾಳಕ್ಕೆ ಹೊಡೆದಿರಲಿಲ್ಲ.


ತಿಳಕವಾಡಿ ಕಟ್ಟಿ (ಬೆಳಗಾವಿ)

ರಾಮಶಾಸ್ತ್ರಿ ಹೆಸರ ತಗದ್ರಿ, ಭಾಳ ಛಲೋ ಆತು ನೋಡ್ರಿ. ನಮ್ಮ ಕಡೆ ಲಲಿತಾ ಪವಾರ್ ಅಂದ್ರ ಹಿಂದಿಕಿಂತ ಮೊದಲ ಮರಾಠಿ. ಭಾಲಜಿ ಪೆಂಢಾರಕರ ಅವರ 'ನೇತಾಜಿ ಪಾಲಕರ್' 1939ರಾಗ ಬಂತು, ಅದರಾಗೂ ಇದ್ರು. ಶಾಂತಾರಾಮರ 'ಅಮರ ಭೂಪಾಳಿ'ಯೊಳಗೂ ಇದ್ರು.

ಆನಂದಿಬಾಯಿ ಯಾರು ಅಂತ ದಕ್ಷಿಣದ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕ ಹೇಳ್ತೀನಿ. 1773ರಾಗ ಪುಣೇದಾಗ ಶನಿವಾರವಾಡಾದೊಳಗ ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನ ಕೊಲೆ ಆತು. ಕಾಕಾ ರಘುನಾಥರಾಯ ಗಾರದಿ ಮಂದಿಗೆ, ಅಂದ್ರ ಪಗಾರದ ಸಿಪಾಯಿಗಳಿಗೆ, ಚೀಟಿ ಬರದಿದ್ದ, "ಧರಾವೇ" ಅಂತ. ಅಂದ್ರ ಹಿಡೀರಿ. ಅವನ ಹೆಂಡತಿ ಆನಂದಿಬಾಯಿ ಒಂದ ಅಕ್ಷರ ತಿದ್ದಿ "ಮಾರಾವೇ" ಮಾಡಿದ್ಲು, ಅಂದ್ರ ಕೊಲ್ಲರಿ. ಹಿಂಗಂತ ಜನ ಹೇಳ್ತಾರ. ಇವತ್ತಿಗೂ ಯಾರರ ಮಾತ ತಿರುಚಿದ್ರ "ಧ ಚಾ ಮಾ ಮಾಡಬ್ಯಾಡ" ಅನ್ನೂದು ನಮ್ಮ ಮನ್ಯಾಗ ರೂಢಿ ಅದ. ಕೊಲೆ ಮಾಡಿದವರು ಯಾರು ಅಂತ ಪೇಶ್ವೆ ಗಾದಿಗೇ ಪ್ರಶ್ನೆ ಹಾಕಿದ ನ್ಯಾಯಾಧೀಶ ರಾಮಶಾಸ್ತ್ರಿ. ಅವರ ಮ್ಯಾಲಿಂದ ಆ ಸಿನಿಮಾ.

ಮಂಥರೆ ಪಾತ್ರಕ್ಕ ನಲವತ್ತ ವರ್ಷ ಮೊದಲ ಅವರು ಇಂಥಾದ್ದ ಒಂದು ಪಾತ್ರ ಮಾಡಿ ಮುಗಿಸಿದ್ರು ಅನ್ನೂದು ನನ್ನ ಮಾತು. ಮನೀ ಒಳಗಿನ ಒಬ್ಬ ಹೆಂಗಸು, ಕೈಯಾಗ ಅಧಿಕಾರ ಇಲ್ಲ, ಬರೇ ಒಂದು ಮಾತು, ಒಂದು ಅಕ್ಷರ, ಅದರಿಂದ ರಾಜ್ಯಾನ ತಿರುವಿ ಹಾಕೂದು. ಅಂಥವರ ಮನಸಿನ್ಯಾಗ ಏನ ಇರ್ತದ ಅನ್ನೂದನ್ನ ಅವರು ಇಪ್ಪತ್ತೆಂಟನೇ ವಯಸ್ಸಿಗೇ ಹುಡುಕಿದ್ರು.

ನಮ್ಮ ಆಯಿಗೆ ಈಗ 92. ಸಣ್ಣಾಕಿದ್ದಾಗ ಅವರಪ್ಪನ ಜೋಡಿ ಹೋಗಿ ಆ ಸಿನಿಮಾ ನೋಡ್ಯಾಳ. ಕೇಳಿ ಬರೀತೀನಿ ತಡೀರಿ. ಈಗ ಊರಿಗೆ ಹೋಗ್ಯಾಳ, ಬಂದಮ್ಯಾಲೆ.


ಶರಾವತಿ ದಂಡೆ (ಸಾಗರ)

ನಾನು ಸಾಮಾನ್ಯವಾಗಿ ಇಲ್ಲಿ ಓದಿಕೊಂಡು ಹೋಗುವವಳು. ಇವತ್ತು ಬರೆಯಲೇಬೇಕು ಅನ್ನಿಸಿತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದರೆ ಅರ್ಧ ಮುಖ ನನ್ನದಲ್ಲ. ಎಡಗಣ್ಣು ಮುಚ್ಚುತ್ತಿಲ್ಲ, ಹುಬ್ಬು ಏರುತ್ತಿಲ್ಲ, ತುಟಿ ಜೋತಿದೆ. ಬೆಲ್ಸ್ ಪಾಲ್ಸಿ ಅಂದರು ಡಾಕ್ಟರು. ಕಿವಿಯ ಹಿಂದಿನಿಂದ ಹೊರಟು ಕೆನ್ನೆಯ ಮೇಲೆ ಬೇರಿನ ಹಾಗೆ ಕವಲೊಡೆಯುವ ಒಂದು ನರ ಇದೆ. ಅದು ಊದಿಕೊಂಡರೆ ಅಥವಾ ಪೆಟ್ಟು ತಿಂದರೆ ಹೀಗಾಗುತ್ತದೆ. ರಾತ್ರಿ ಕಣ್ಣು ಒಣಗಬಾರದು ಅಂತ ಮುಲಾಮು ಹಾಕಿ ರೆಪ್ಪೆಗೆ ಟೇಪು ಅಂಟಿಸಿಕೊಂಡು ಮಲಗುತ್ತಿದ್ದೆ. 'ಪ' 'ಬ' 'ಮ' ಹೇಳಲು ತುಟಿ ಕೂಡುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕನ್ನಡ ಮೇಡಂ. ಮಕ್ಕಳ ಮುಂದೆ ನಿಂತು 'ಪಂಪ' ಅನ್ನಲು ಆಗದೆ ಸ್ಟಾಫ್ ರೂಮಿನಲ್ಲಿ ಅತ್ತಿದ್ದೇನೆ.

ನರ ಮತ್ತೆ ಬೆಳೆಯುವಾಗ ಕೆಲವೊಮ್ಮೆ ದಾರಿ ತಪ್ಪುತ್ತದೆ. ಬಾಯಿಗೆ ಹೋಗಬೇಕಾದ ಎಳೆ ಕಣ್ಣಿಗೆ ಹೋಗಿ ಸೇರುತ್ತದೆ. ಹಾಗಾಗಿ ಈಗ ನಾನು ನಕ್ಕರೆ ಎಡಗಣ್ಣು ಕಿರಿದಾಗುತ್ತದೆ. ಸಂತೋಷವಾದಾಗೆಲ್ಲ ಯಾರನ್ನೋ ಅನುಮಾನದಿಂದ ನೋಡುತ್ತಿರುವ ಹಾಗೆ ಕಾಣಿಸುತ್ತೇನೆ. ಮದುವೆ ಮನೆಗಳಲ್ಲಿ ಫೋಟೋಕ್ಕೆ ನಿಲ್ಲುವುದನ್ನು ಬಿಟ್ಟಿದ್ದೇನೆ.

ಇದನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಅಂಥ ಮುಖ ಇಟ್ಟುಕೊಂಡು ಕ್ಯಾಮೆರಾ ಮುಂದೆ ಹೋಗುವುದು ಅಂದರೇನು ಅಂತ ನನಗೆ ಒಳಗಿನಿಂದ ಗೊತ್ತು. ಮುಖದ ಒಂದೊಂದು ಸ್ನಾಯುವನ್ನೂ ಕನ್ನಡಿ ಮುಂದೆ ಕೂತು ಹೊಸದಾಗಿ ಕಲಿಸಬೇಕು. ನನಗೆ ಫಿಸಿಯೋಥೆರಪಿಯವರು ದಿನಕ್ಕೆ ಇಪ್ಪತ್ತು ನಿಮಿಷ ಹೇಳಿದ್ದರು, ಅಷ್ಟೇ ಮಾಡಲು ಸಾಕುಸಾಕಾಗುತ್ತಿತ್ತು. ಅವರು ಅಂಥ ಮುಖದಲ್ಲಿ ನೂರಾರು ಪಾತ್ರ ತೋರಿಸಿದ್ದಾರೆ. ಅತ್ತೆ, ಅಮ್ಮ, ದಾದಿ, ಬಾಳೆಹಣ್ಣು ಮಾರುವವಳು. ಒಬ್ಬಳ ಹಾಗೆ ಇನ್ನೊಬ್ಬಳು ಕಾಣುವುದಿಲ್ಲ.

ಮೂರನೇ ಸಾಲು ಅವರೇ, ಏಟಿನ ಕಥೆ ಪೂರ್ತಿ ಬಿಡಿ ಅಂತ ಹೇಳಬೇಡಿ. ನನಗೆ ಅದು ಬೇಕು. ಆ ಏಟಿನ ಮಾರನೇ ದಿನದಿಂದ ಅವರು ಕೂತು ಮಾಡಿದ ಕೆಲಸವನ್ನು ಅದರ ಜೊತೆ ಸೇರಿಸಿ ಹೇಳಿ, ಸಾಕು.


ಮೂರನೇ ಸಾಲು (ಮೈಸೂರು)

ಶರಾವತಿ ದಂಡೆ ಅವರೇ, ಎರಡು ಸಲ ಓದಿದೆ. ನಾನು ಆತುರದಲ್ಲಿ ಬರೆದುಬಿಟ್ಟಿದ್ದೆ. ನೀವು ಹೇಳಿದ್ದು ಸರಿ, ಅದನ್ನು ಬಿಟ್ಟು ಅವರ ಕಥೆ ಹೇಳಲು ಬರುವುದಿಲ್ಲ. ನಿಮಗೆ ಒಂದು ಸಿನಿಮಾ ಹೇಳುತ್ತೇನೆ, ನೋಡಿರದಿದ್ದರೆ ನೋಡಿ. 1959ರ 'ಅನಾಡಿ'. ಅದರಲ್ಲಿ ಅವರು ನಗುತ್ತಾರೆ.


ಕಡಲ ಕರೆ (ಮಂಗಳೂರು)

ಅನಾಡಿ ಅಂದ್ರಲ್ಲ, ಇನ್ನು ನಾನು ಸುಮ್ಮನೆ ಕೂರುವುದುಂಟಾ!

ನಮ್ಮದು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆ. ಡಿಸಾ ಅನ್ನುವ ಅಡ್ಡಹೆಸರು ನಮ್ಮ ಊರಲ್ಲಿ ಕೇರಿಗೆ ಒಂದು ಸಿಗ್ತದೆ. ಅನಾಡಿಯಲ್ಲಿ ಅವರ ಪಾತ್ರದ ಹೆಸರು ಮಿಸೆಸ್ ಡಿಸಾ. ಆ ಕಾಲದ ಹಿಂದಿ ಸಿನಿಮಾದಲ್ಲಿ ಕ್ರಿಶ್ಚಿಯನ್ ಅಂದ್ರೆ ಒಂದೋ ಕುಡುಕ, ಇಲ್ಲಾ ಕ್ಲಬ್ಬಿನಲ್ಲಿ ಕುಣಿಯುವ ಹುಡುಗಿ. ನನ್ನ ಅಮ್ಮ ಅದನ್ನು ನೋಡಿ ಎಷ್ಟು ಬೇಜಾರು ಮಾಡ್ಕೊಳ್ತಿದ್ರು ಅಂತ ನನಗೆ ಗೊತ್ತುಂಟು. ಆದರೆ ಮಿಸೆಸ್ ಡಿಸಾ ಬಂದ್ರೆ ಅಮ್ಮನ ಮುಖ ಅರಳ್ತಿತ್ತು. "ಇದು ನಮ್ಮ ಮನೆಯ ಹೆಂಗಸು" ಅಂತಿದ್ರು.

ರಾಜ್ ಕಪೂರ್ ಅವರ ಮನೆಯಲ್ಲಿ ಬಾಡಿಗೆಗೆ ಇರುವ ಬಡ ಹುಡುಗ. ಬಾಯಿ ತೆಗೆದ್ರೆ ಬೈಗುಳ ಮಾರಾಯ್ರೆ. ಬಾಡಿಗೆ ಎಲ್ಲಿ, ಕೆಲಸ ಎಲ್ಲಿ, ಎಷ್ಟು ಹೊತ್ತಿಗೆ ಮನೆಗೆ ಬರೋದು! ಬೈದು ಬೈದು ಕಡೆಗೆ ಊಟಕ್ಕೆ ಕೂರಿಸ್ತಾರೆ. ನಮ್ಮ ಕಡೆ ಪ್ರೀತಿ ತೋರಿಸೋದು ಹಾಗೇ ಅಲ್ವಾ? ಅಪ್ಪಿ ಮುದ್ದಾಡುವ ಕ್ರಮ ನಮ್ಮಲ್ಲಿಲ್ಲ, ಗದರಿಸಿ ಬಡಿಸುವ ಕ್ರಮ. ಹೃಷಿಕೇಶ ಮುಖರ್ಜಿಗೆ ಅದು ಹೇಗೆ ಗೊತ್ತಾಯ್ತೋ, ಲಲಿತಾ ಪವಾರ್‌ಗೆ ಹೇಗೆ ಗೊತ್ತಾಯ್ತೋ!

ಊರಲ್ಲೆಲ್ಲ ಫ್ಲೂ ಹಬ್ಬಿದಾಗ ಕಲಬೆರಕೆ ಔಷಧಿ ಕುಡಿದು ಅವರು ಸಾಯ್ತಾರೆ. ಆ ಔಷಧಿ ಕಂಪನಿಯ ಧಣಿ ಮೋತಿಲಾಲ್. ಕೊನೆಗೆ ಕೊಲೆಯ ಆರೋಪ ಬರೋದು ಮಗನ ಹಾಗೆ ಇದ್ದ ರಾಜ್ ಕಪೂರ್ ಮೇಲೆ. ನನ್ನ ಅಮ್ಮ ಪ್ರತಿ ಸಲ ಆ ಭಾಗ ಬರುವಾಗ ಎದ್ದು ಅಡುಗೆಮನೆಗೆ ಹೋಗ್ತಿದ್ರು.

ಆ ಪಾತ್ರಕ್ಕೇ ಅವರಿಗೆ ಫಿಲ್ಮ್‌ಫೇರ್ ಸಿಕ್ಕಿದ್ದು, ಅತ್ಯುತ್ತಮ ಪೋಷಕ ನಟಿ. ಮುಖರ್ಜಿಯವರಿಗೆ ಆ ಹೆಂಗಸು ಮನಸ್ಸಿನಿಂದ ಹೋಗಲೇ ಇಲ್ಲ ಅಂತ ಕಾಣ್ತದೆ. 1971ರ 'ಆನಂದ್'ನಲ್ಲೂ ಲಲಿತಾ ಪವಾರ್ ಇದ್ದಾರೆ, ಆಸ್ಪತ್ರೆಯ ಮೇಟ್ರನ್ ಆಗಿ. ಅಲ್ಲಿಯೂ ಹೆಸರು ಡಿಸಾ. ಅಲ್ಲಿಯೂ ಗದರಿಸ್ತಾರೆ, ಸಾಯ್ತಾ ಇರುವ ರಾಜೇಶ್ ಖನ್ನಾನ ಮುಂದೆ ಕರಗಿ ಹೋಗ್ತಾರೆ. ಎರಡು ಸಿನಿಮಾದ ನಡುವೆ ಹನ್ನೆರಡು ವರ್ಷ.


ಹಳೇ ರೀಲು (ಬೆಂಗಳೂರು)

ಕಡಲ ಕರೆಯವರು ಬರೆದದ್ದಕ್ಕೆ ಒಂದು ಜೋಡಣೆ. ಅನಾಡಿ ಬಂದ ವರ್ಷವೇ, 1959ರಲ್ಲೇ, ಬಿಮಲ್ ರಾಯ್ ಅವರ ಸುಜಾತಾ ಬಂದದ್ದು. ಅದರಲ್ಲಿ ಲಲಿತಾ ಪವಾರ್ ಗಿರಿಬಾಲಾ, ಎಲ್ಲರೂ ಬುವಾಜಿ, ಅಂದರೆ ಸೋದರತ್ತೆ, ಅನ್ನುತ್ತಾರೆ. ಅಸ್ಪೃಶ್ಯ ಜಾತಿಯ ಅನಾಥ ಮಗುವನ್ನು ಸಾಕಿಕೊಂಡ ಮನೆಗೆ ಬಂದು, ಮೈಲಿಗೆ, ಮಡಿ ಅಂತ ಆ ಹುಡುಗಿಯ ಬಾಳಿಗೆ ಮುಳ್ಳಾಗುವ ಮುದುಕಿ. ಒಂದೇ ವರ್ಷ ಒಂದು ಟಾಕೀಸಿನಲ್ಲಿ ಬುವಾಜಿ, ಇನ್ನೊಂದು ಟಾಕೀಸಿನಲ್ಲಿ ಮಿಸೆಸ್ ಡಿಸಾ. ಅದೇ ಮುಖ, ಅದೇ ಕಣ್ಣು. ಒಬ್ಬಳು ಸ್ವಂತ ಮನೆಯ ಹುಡುಗಿಯನ್ನು ಹೊರಗಿಡುತ್ತಾಳೆ, ಇನ್ನೊಬ್ಬಳು ಬೀದಿಯ ಹುಡುಗನನ್ನು ಒಳಗೆ ಕರೆದುಕೊಳ್ಳುತ್ತಾಳೆ.

ಬುವಾಜಿಯಲ್ಲಿ ನನಗೆ ಹಿಡಿಸಿದ್ದು ಅವಳಿಗೆ ತಾನು ಕೆಟ್ಟವಳು ಅನ್ನುವ ಅಳುಕೇ ಇಲ್ಲದಿರುವುದು. ಗಂಟಲು ಏರಿಸುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಧರ್ಮ ಕಾಪಾಡುತ್ತಿದ್ದೇನೆ ಅನ್ನುವ ನೆಮ್ಮದಿ ಅವಳ ಮುಖದಲ್ಲಿ. ನಮ್ಮ ಊರಿನ ಅಗ್ರಹಾರದ ಜಗಲಿಯಲ್ಲಿ ಅಂಥ ಅಜ್ಜಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರೂ ಮೊಮ್ಮಕ್ಕಳಿಗೆ ಪ್ರೀತಿಯಿಂದ ಚಕ್ಕುಲಿ ಕೊಡುತ್ತಿದ್ದರು.


ಹೊಸಿಲು (ಹಾಸನ)

ಎಲ್ಲರೂ ಹೊಗಳುತ್ತಿದ್ದೀರಿ. ಒಂದು ಮಾತು ನಾನು ಹೇಳಲೇಬೇಕು, ತಪ್ಪು ತಿಳಿಯಬೇಡಿ.

1950ರಲ್ಲಿ ಶಾಂತಾರಾಮರ 'ದಹೇಜ್'. ವರದಕ್ಷಿಣೆಗಾಗಿ ಸೊಸೆಯನ್ನು ಹಿಂಸಿಸುವ ಅತ್ತೆ. ಚಿತ್ರದ ಉದ್ದೇಶ ಒಳ್ಳೆಯದೇ, ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು ಅದಾಗಿ ಹನ್ನೊಂದು ವರ್ಷಕ್ಕೆ, 1961ರಲ್ಲಿ. ಆದರೆ ಅಲ್ಲಿಂದ ಮುಂದೆ 1980ರ 'ಸೌ ದಿನ್ ಸಾಸ್ ಕೇ' ತನಕ ಮೂವತ್ತು ವರ್ಷ ಅತ್ತೆ ಅಂದರೆ ರಾಕ್ಷಸಿ ಅಂತಲೇ ತೋರಿಸಿದರು. ವರದಕ್ಷಿಣೆ ಕೇಳುವುದು ಗಂಡನ ಮನೆಯ ಗಂಡಸರೂ ಹೌದು, ಅದನ್ನು ಎಣಿಸಿ ಜೇಬಿಗೆ ಇಡುವವರೂ ಅವರೇ. ಸಿನಿಮಾದಲ್ಲಿ ಮಾವ ಪಾಪದವನು, ಮಗ ಪಾಪದವನು, ಎಲ್ಲ ಪಾಪ ಅತ್ತೆಯ ತಲೆಗೆ. ನಾನು ಸೊಸೆಯಾಗಿ ಇಪ್ಪತ್ತೈದು ವರ್ಷ ಕಳೆದು ಈಗ ಅತ್ತೆಯಾಗಿದ್ದೇನೆ. ನನ್ನ ಸೊಸೆಗೆ "ಕಾಫಿ ಕುಡಿದ್ಯಾ?" ಅಂತ ಕೇಳುವ ಮೊದಲೇ ಅವಳ ಮನಸ್ಸಿನಲ್ಲಿ ನಾನು ಯಾರಾಗಿದ್ದೆ ಅನ್ನುವುದು ಅವಳೇ ಆಮೇಲೆ ಹೇಳಿದಳು. ಅಷ್ಟು ದೊಡ್ಡ ಕಲಾವಿದೆ ಈ ಅಚ್ಚಿಗೆ ತಮ್ಮ ಮುಖ ಕೊಟ್ಟರಲ್ಲ ಅಂತ ನನಗೆ ಸಂಕಟ.


ಮೂರನೇ ಸಾಲು (ಮೈಸೂರು)

ಹೊಸಿಲು ಅವರೇ, ಸಂಕಟ ಅರ್ಥವಾಗುತ್ತದೆ. ಅವರು ಬರೆದ ಪಾತ್ರಗಳಲ್ಲವಲ್ಲ, ಬರೆದುಕೊಟ್ಟದ್ದನ್ನು ಮಾಡಿದರು ಅಂತ ಹೇಳಿ ತಪ್ಪಿಸಿಕೊಳ್ಳಲು ನನಗೂ ಮನಸ್ಸಿಲ್ಲ. ಆದರೆ ಆ ಅಚ್ಚನ್ನು ಅವರು ಒಳಗಿನಿಂದಲೇ ಒಡೆದ ಒಂದು ಚಿತ್ರ ಇದೆ, 1962ರ 'ಪ್ರೊಫೆಸರ್'.

ಸೀತಾದೇವಿ ಅಂತ ಹೆಸರು. ಡಾರ್ಜಿಲಿಂಗಿನ ಮನೆ. ತಂದೆತಾಯಿ ಇಲ್ಲದ ಅಣ್ಣನ ಮಕ್ಕಳನ್ನು ಬೆತ್ತ ಹಿಡಿದು ಬೆಳೆಸುವವಳು. ಹುಡುಗಿಯರಿಗೆ ಪಾಠ ಹೇಳಲು ವಯಸ್ಸಾದ ಮೇಷ್ಟ್ರೇ ಬೇಕು ಅನ್ನುತ್ತಾಳೆ, ಹಾಗಾಗಿ ಶಮ್ಮಿ ಕಪೂರ್ ಗಡ್ಡ ಅಂಟಿಸಿಕೊಂಡು ಮುದುಕನಾಗಿ ಬರುತ್ತಾನೆ. ಸೀತಾದೇವಿ ಆ ಮುದುಕ ಪ್ರೊಫೆಸರನ್ನು ಪ್ರೀತಿಸತೊಡಗುತ್ತಾಳೆ. ಚಿತ್ರ ಅದನ್ನು ತಮಾಷೆಗೇ ಇಟ್ಟಿರುವುದು, ಜನ ನಗಲಿ ಅಂತ.

ನಾನು ಮೊದಲ ಸಲ ನೋಡಿದಾಗ ನಕ್ಕೆ. ಎರಡನೇ ಸಲ ನೋಡುವಾಗ ನನಗೂ ನಲವತ್ತು ದಾಟಿತ್ತು, ನಗು ಬರಲಿಲ್ಲ. ಯಾರೂ ಇಷ್ಟು ವರ್ಷ ಮೆದುವಾಗಿ ಮಾತಾಡಿಸದ ಒಬ್ಬ ಹೆಂಗಸು, ಒಬ್ಬ ಮನುಷ್ಯ ಗೌರವದಿಂದ ನಾಲ್ಕು ಮಾತಾಡಿದ್ದಕ್ಕೆ ಒಳಗೊಳಗೇ ಚಿಗುರುತ್ತಾಳೆ. ಲಲಿತಾ ಪವಾರ್ ಅದನ್ನು ಎಳ್ಳಷ್ಟೂ ಅಪಹಾಸ್ಯ ಮಾಡಿಕೊಳ್ಳದೆ, ಹದಿನೆಂಟರ ನಾಯಕಿ ಪ್ರೀತಿಸುವಷ್ಟೇ ನಿಜವಾಗಿ ಮಾಡಿದ್ದಾರೆ. ಹಿಂದಿನ ವರ್ಷವಷ್ಟೇ 'ಜಂಗ್ಲಿ'ಯಲ್ಲಿ ಅದೇ ಶಮ್ಮಿ ಕಪೂರ್‌ಗೆ ಅಮ್ಮನಾಗಿ, ಮನೆಯಲ್ಲಿ ಯಾರೂ ನಗಕೂಡದು ಅಂತ ಕಟ್ಟಪ್ಪಣೆ ಮಾಡಿದ್ದರು. ಸಿಡುಕಿನ ಹೆಂಗಸು ಯಾಕೆ ಸಿಡುಕುತ್ತಾಳೆ ಅಂತ ಕೇಳಿಕೊಳ್ಳುವ ಪುರುಸೊತ್ತು ನಮ್ಮ ಸಿನಿಮಾಕ್ಕೆ ಇರಲಿಲ್ಲ, ಅವರಿಗೆ ಇತ್ತು.


ಹೊಸಿಲು (ಹಾಸನ)

ಪ್ರೊಫೆಸರ್ ನೋಡಿಲ್ಲ. ನೋಡುತ್ತೇನೆ. ಸೊಸೆಯ ಜೊತೆ ಕೂತು ನೋಡುತ್ತೇನೆ.


ಹಳೇ ರೀಲು (ಬೆಂಗಳೂರು)

ಅತ್ತೆ ಪಾತ್ರದ ಮಾತು ಬಂದಿದ್ದಕ್ಕೆ ಒಂದು ಅಡ್ಡದಾರಿ. ತೆಲುಗಿನಲ್ಲಿ ಇದೇ ಜಾಗದಲ್ಲಿ ಇದ್ದವರು ಸೂರ್ಯಕಾಂತಂ. ಅವರ ಅತಿ ಹೆಸರಾದ ಚಿತ್ರ 1962ರ 'ಗುಂಡಮ್ಮ ಕಥ', ಮತ್ತು ಅದರ ಮೂಲ ನಮ್ಮದು, ವಿಠ್ಠಲಾಚಾರ್ಯರ 'ಮನೆ ತುಂಬಿದ ಹೆಣ್ಣು', 1958. ಘಟವಾಣಿ ಹೆಂಗಸಿನ ಸುತ್ತ ಕಥೆ ಕಟ್ಟುವುದು ದಕ್ಷಿಣದಲ್ಲೂ ಚೆನ್ನಾಗಿಯೇ ನಡೆದಿತ್ತು. ನಮ್ಮಲ್ಲಿ ಆದವಾನಿ ಲಕ್ಷ್ಮೀದೇವಿ, ರಮಾದೇವಿ, ಪಾಪಮ್ಮ, ಎಂ.ಎನ್. ಲಕ್ಷ್ಮೀದೇವಿ ಇವರೆಲ್ಲರ ಬಗ್ಗೆ ಹೀಗೊಂದು ಚರ್ಚೆ ಆಗಬೇಕು. ಅದಕ್ಕೆ ಬೇರೆಯೇ ಎಳೆ ಶುರು ಮಾಡೋಣ.

ಹೊಸಿಲು ಅವರ ದೂರಿಗೆ ಪೂರಕವಾಗಿ ಗುರುದತ್ ಅವರ 'ಮಿಸ್ಟರ್ ಆಂಡ್ ಮಿಸೆಸ್ 55' ನೆನಪಿಸುತ್ತೇನೆ. ಹಿಂದೂ ವಿವಾಹ ಕಾಯ್ದೆ ಬಂದ ವರ್ಷವೇ ಬಂದ ಚಿತ್ರ. ವಿಚ್ಛೇದನದ ಹಕ್ಕಿಗಾಗಿ ಹೋರಾಡುವ ಸೀತಾದೇವಿ ಪಾತ್ರ ಲಲಿತಾ ಪವಾರರದು, ಮಧುಬಾಲಾಗೆ ಅತ್ತೆ, ಅಂದರೆ ತಂದೆಯ ತಂಗಿ. ಗಂಡಸರನ್ನು ದ್ವೇಷಿಸುವ ಹೆಂಗಸು ಅಂತ ಚಿತ್ರ ಅವಳನ್ನು ಗೇಲಿ ಮಾಡುತ್ತದೆ. ಇವತ್ತು ನೋಡಿದರೆ ಆ ಪಾತ್ರ ಆಡುವ ಮಾತುಗಳಲ್ಲಿ ಎಷ್ಟೋ ಸರಿಯೇ ಅನ್ನಿಸುತ್ತದೆ. ಅವರು ಅದನ್ನು ತಲೆ ಎತ್ತಿಕೊಂಡು, ನಂಬಿಕೊಂಡು ಹೇಳಿದ್ದರಿಂದಲೇ ಹಾಗೆ ಅನ್ನಿಸುವುದು. ಅದೇ 1955ರಲ್ಲಿ 'ಶ್ರೀ 420'ರ ಬಾಳೆಹಣ್ಣಿನವಳು. ಎರಡಾಣೆಗೆ ಮೂರು ಅಂದರೆ ರಾಜ್ ಕಪೂರ್ ಮೂರಾಣೆಗೆ ಎರಡು ಅಂತ ಚೌಕಾಸಿ ಮಾಡುತ್ತಾನಲ್ಲ, ಆ ಗಂಗಾಮಾಯಿ. ಬಂಗಲೆಯ ಸೀತಾದೇವಿ, ಫುಟ್‌ಪಾತಿನ ಗಂಗಾ. ನಡೆಯುವ ರೀತಿ, ಸೆರಗು ಸಿಕ್ಕಿಸುವ ರೀತಿ ಗಮನಿಸಿ.

1961ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು ಅವರಿಗೆ. ಪೋಷಕ ಪಾತ್ರಗಳನ್ನೇ ಮಾಡಿಕೊಂಡು ಬಂದವರಿಗೆ ಅದು ಸಣ್ಣ ಮಾತಲ್ಲ.


ಶರಾವತಿ ದಂಡೆ (ಸಾಗರ)

ನಿನ್ನೆ ರಾತ್ರಿ ಅನಾಡಿ ನೋಡಿದೆ. ಅಮ್ಮನೂ ಜೊತೆಗಿದ್ದರು.

ಒಂದು ವಿಷಯ ಬರೆಯುತ್ತೇನೆ, ಬೇರೆ ಯಾರಿಗೂ ಕಾಣಿಸಿರಲಿಕ್ಕಿಲ್ಲ. ಅವರು ಮುಖದ ಆ ಭಾಗವನ್ನು ಬಚ್ಚಿಡುವುದಿಲ್ಲ. ನಾನು ಈ ಮೂರು ವರ್ಷದಲ್ಲಿ ಎಡಗಡೆಗೆ ಕೂದಲು ಬಿಡುವುದು, ಮಾತಾಡುವಾಗ ಕೈ ಅಡ್ಡ ಹಿಡಿಯುವುದು, ಕೂರುವಾಗ ಗೋಡೆ ಪಕ್ಕ ನೋಡಿಕೊಂಡು ಕೂರುವುದು, ಇದೆಲ್ಲ ಅಭ್ಯಾಸ ಮಾಡಿಕೊಂಡಿದ್ದೇನೆ. ಅವರು ನೇರವಾಗಿ ನೋಡುತ್ತಾರೆ. ಬೈಯುವಾಗ ಆ ಕಣ್ಣು ಕಿರಿದಾಗಿ ಕೋಪದ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಕಣ್ಣು, ಅಷ್ಟೇ ಕಿರಿದು, ತುಂಟತನದ ಹಾಗೆ ಕಾಣುತ್ತದೆ. ಕಣ್ಣು ಬದಲಾಗಿಲ್ಲ. ಉಳಿದ ಮುಖ, ಕತ್ತು, ದನಿ ಎಲ್ಲ ಸೇರಿ ಆ ಕಣ್ಣಿನ ಅರ್ಥ ಬದಲಿಸಿವೆ.

ಮಿಸೆಸ್ ಡಿಸಾ ಸತ್ತಾಗ ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಮಂಥರೆ ಮಾಡಿದ್ದು ಇವಳೇನಾ?" ಅಂತ ಕೇಳಿದರು. ಹೌದು ಅಂದೆ. ತುಂಬ ಹೊತ್ತು ಮಾತಾಡಲಿಲ್ಲ.


ಕಡಲ ಕರೆ (ಮಂಗಳೂರು)

ಇದನ್ನು ಓದಿ ನನಗೂ ಕಣ್ಣು ತುಂಬಿತು. ಮುಂದಿನ ಮದುವೆಯಲ್ಲಿ ಫೋಟೋಕ್ಕೆ ನಿಲ್ಲಿ ಮಾರಾಯ್ರೆ. ನಡುವಿನಲ್ಲೇ ನಿಲ್ಲಿ.


ಮೂರನೇ ಸಾಲು (ಮೈಸೂರು)

ಮಂಥರೆ ಬಗ್ಗೆ ಇಷ್ಟೂ ಹೊತ್ತು ಯಾರೂ ಸರಿಯಾಗಿ ಬರೆಯಲಿಲ್ಲ, ನಾನೂ ಬರೆದಿಲ್ಲ. ಶುರು ಮಾಡಿದ್ದೇ ಅಲ್ಲಿಂದ.

ದೊಡ್ಡಮ್ಮ ಊರಿಗೆ ಹೋಗುವ ಮೊದಲು ಆ ಕಂತುಗಳನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಈ ಸಲ ನಾನು ಪಕ್ಕದಲ್ಲಿ ಕೂತು ಗಮನಿಸಿದೆ. ಕೈಕೇಯಿ ಪದ್ಮಾ ಖನ್ನಾ. ಅವಳು ಹುಟ್ಟಿದ ಮನೆಯಿಂದ, ಕೇಕಯದಿಂದ, ಜೊತೆಗೆ ಬಂದ ದಾಸಿ ಮಂಥರೆ. ಲಲಿತಾ ಪವಾರ್ ಮಾಡಿದ ಮಂಥರೆಯಲ್ಲಿ ಆ ಸಂಬಂಧ ಇದೆ. ಸಾಕಿದ ಮಗುವಿಗೆ ಅನ್ಯಾಯವಾಗುತ್ತಿದೆ ಅನ್ನುವ ದಾದಿಯ ಕಳವಳ ಅದು. ಭರತ ತಲೆತಗ್ಗಿಸಿ ಬದುಕಬೇಕಾಗುತ್ತದಲ್ಲ, ನೀನು ಸವತಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದಲ್ಲ ಅನ್ನುವಾಗ ಅವಳ ದನಿಯಲ್ಲಿ ವಿಷಕ್ಕಿಂತ ಹೆಚ್ಚಾಗಿ ಹೆದರಿಕೆ ಕೇಳಿಸಿತು ನನಗೆ. ಎಪ್ಪತ್ತು ದಾಟಿದ ಮೇಲೆ, ಬೆನ್ನು ಬಗ್ಗಿಸಿಕೊಂಡು ಮಾಡಿದ ಕೆಲಸ.

ನಾನು ಇದನ್ನು ದೊಡ್ಡಮ್ಮನಿಗೆ ಹೇಳಿದೆ. "ಏನಾದ್ರೂ ಹೇಳು, ಮನೆ ಮುರಿದಳಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಕೈಕೇಯಿ ಒಬ್ಬಳೇ ಇದ್ದಿದ್ರೆ ಅವಳಿಗೆ ತನ್ನೋರು ಅಂತ ಯಾರಿದ್ರು ಆ ಅರಮನೇಲಿ?" ಅಂತ ತಾವೇ ಕೇಳಿದರು. ಮೂವತ್ತೆಂಟು ವರ್ಷದ ಮೇಲೆ ಈ ಒಂದು ಪ್ರಶ್ನೆ.

ಲಲಿತಾ ಪವಾರ್ ತೀರಿಕೊಂಡದ್ದು 1998ರ ಫೆಬ್ರವರಿ 24ರಂದು, ಪುಣೆಯ ಔಂಧ್‌ನಲ್ಲಿ. ಎಂಬತ್ತೆರಡು ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ. ಏಳುನೂರಕ್ಕೂ ಹೆಚ್ಚು ಚಿತ್ರ ಅಂತ ಬರೆಯುತ್ತಾರೆ. ನಾನು ಇಷ್ಟರವರೆಗೆ ನೋಡಿರುವುದು ಇಪ್ಪತ್ಮೂರು.


ತಿಳಕವಾಡಿ ಕಟ್ಟಿ (ಬೆಳ​ಗಾವಿ)

ಆಯಿ ಇವತ್ತ ಮುಂಜಾನೆ ಬಂದ್ಲು. ಚಾ ಕುಡದ ಮ್ಯಾಲೆ ಕೇಳಿದ್ಯಾ, "ಆಯಿ, ನಿನಗ ರಾಮಶಾಸ್ತ್ರಿ ಪಿಕ್ಚರ್ ನೆನಪದ ಏನ? ಆನಂದಿಬಾಯಿ?" ಅಂತ.

ಆಕಿಗೆ ಲಲಿತಾ ಪವಾರ್ ಹೆಸರ ನೆನಪಿಲ್ಲ. ಕಣ್ಣಿನ ಸುದ್ದಿ ಹೇಳಿದೆ, "ಅದೇನ ನನಗ ಗೊತ್ತಿಲ್ಲಪಾ" ಅಂದ್ಲು. ಆ ಕಣ್ಣ ಆಕಿ ಆಗ ನೋಡೇ ಇಲ್ಲ ಅನಸ್ತದ. ಆಮ್ಯಾಲೆ ತಾನ ಹೇಳಿದ್ಲು, ಪಿಕ್ಚರ್ ಬಿಟ್ಟ ಮ್ಯಾಲೆ ಮನೀತನಕಾ ಅವರಪ್ಪನ ಕೈ ಬಿಡಲಿಲ್ಲಂತ. ಯಾಕಂದ್ರ ಆನಂದಿಬಾಯಿ ನೋಡಲಿಕ್ಕೆ ಥೇಟ್ ಅವರ ಸೋದರತ್ತಿ ಇದ್ದಂಗ ಇದ್ಲಂತ, ಅಷ್ಟ ಶಾಂತ, ಅಷ್ಟ ಛಂದ, ಮೂಗಿನ್ಯಾಗ ನತ್ತು. "ಇಂಥಾಕಿನೂ ಹಂಗ ಮಾಡ್ತಾಳ ಅಂದ್ರ ಹೆಂಗಪಾ ಅಂತ ನಮ್ಮಪ್ಪನ್ನ ಕೇಳಿದ್ದೆ" ಅಂದ್ಲು.

ಹೇಳ್ಕೋತ ಹೇಳ್ಕೋತ ಹಾಸಿಗಿ ಮ್ಯಾಲೆ ಬೆರಳಿಲೆ ಮರಾಠಿ ಬರೀತಿದ್ದ ಹಳೇ ಮೋಡಿ ಲಿಪಿಯೊಳಗ ಮೊದಲ 'ಧ' ಬರದ್ಲು. ಅದನ್ನ ಅಂಗೈಲೆ ಒರಿಸಿ, ಅಲ್ಲೇ 'ಮಾ' ಬರದು ತೋರಿಸಿದ್ಲು.